ಆಪರೇಷನ್ ನಂತರದ ಕೈ ಊತ: ದುಗ್ಧರಸ ಮಸಾಜ್ ಹೇಗೆ ಕೆಲಸ ಮಾಡುತ್ತದೆ, ಹೇಗೆ ಮಾಡಿಕೊಳ್ಳಬೇಕು

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ, ಒಂದು ದಿನ ಬಳೆ ಬಿಗಿಯಾಗುತ್ತದೆ. ರವಿಕೆಯ ಒಂದು ತೋಳು ಮಾತ್ರ ಹಿಡಿಯುತ್ತದೆ. ಸಂಜೆಯಾಗುತ್ತಿದ್ದಂತೆ ಕೈ ಭಾರ. ಡಾಕ್ಟರು ನೋಡಿ ‘ಲಿಂಫಿಡಿಮಾ’ (ಲಿಂಫ್, ಅಂದರೆ ದುಗ್ಧರಸ, ಹರಿಯದೆ ನಿಂತು ಬರುವ ಊತ) ಎಂದು ಚೀಟಿಯಲ್ಲಿ ಬರೆದು, ಫಿಸಿಯೋಥೆರಪಿಗೆ ಹೋಗಿ ಲಿಂಫ್ ಮಸಾಜ್ ಮಾಡಿಸಿಕೊಳ್ಳಿ ಎನ್ನುತ್ತಾರೆ. ಮಸಾಜ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಯಾರೋ ಎಣ್ಣೆ ಬಿಸಿ ಮಾಡಿ ಕೈಯನ್ನು ಗಟ್ಟಿಯಾಗಿ ತಿಕ್ಕಲು ಕೂರುತ್ತಾರೆ. ಊತ ಇಳಿಯುವ ಬದಲು ಏರುವುದು ಅಲ್ಲಿಂದಲೇ.

ಏಕೆಂದರೆ ಇದು ಮಾಂಸಖಂಡಕ್ಕೆ ಮಾಡುವ ಮಸಾಜ್ ಅಲ್ಲ, ಚರ್ಮಕ್ಕೆ ಮಾಡುವುದು. ಎಣ್ಣೆ ಬೇಡ, ಬಿಸಿ ಬೇಡ, ಬಲವಂತೂ ಬೇಡವೇ ಬೇಡ.

ಒಳಗೆ ನಡೆಯುವುದೇನು

ರಕ್ತದ ಸಣ್ಣ ನಾಳಗಳಿಂದ ಸದಾ ಒಂದಿಷ್ಟು ನೀರು ಜಿನುಗಿ ಜೀವಕೋಶಗಳ ನಡುವೆ ಸೇರುತ್ತದೆ. ಅದರ ಜೊತೆಗೆ ಪ್ರೋಟೀನೂ ಹೊರಬರುತ್ತದೆ. ಇದನ್ನು ಬಸಿದು ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧರಸ ನಾಳಗಳ ಕೆಲಸ. ಆ ನಾಳಗಳೊಳಗೆ ಸೇರಿದ ನೀರೇ ದುಗ್ಧರಸ. ದಿನಕ್ಕೆ ಸುಮಾರು 2ರಿಂದ 4 ಲೀಟರ್ ದುಗ್ಧರಸ ಹೀಗೆ ಕೊರಳ ಬುಡದ ದೊಡ್ಡ ಅಭಿಧಮನಿಗಳಿಗೆ ಹೋಗಿ ಬೀಳುತ್ತದೆ. ದಾರಿಯಲ್ಲಿ ಅದನ್ನು ಸೋಸುವ ಗಂಟುಗಳು, ಅಂದರೆ ದುಗ್ಧರಸ ಗ್ರಂಥಿಗಳು, ಮೈಯಲ್ಲಿ ಆರೇಳು ನೂರು ಇವೆ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಇವು ಗುಂಪುಗುಂಪಾಗಿವೆ.

ಈ ವ್ಯವಸ್ಥೆಗೆ ಹೃದಯದಂಥ ಪಂಪ್ ಇಲ್ಲ. ದೊಡ್ಡ ದುಗ್ಧರಸ ನಾಳಗಳು ತಾವೇ ನಿಮಿಷಕ್ಕೆ ಕೆಲವು ಸಲ ಮುದುಡಿ ರಸವನ್ನು ಮುಂದಕ್ಕೆ ತಳ್ಳುತ್ತವೆ. ಒಳಗಿನ ಕವಾಟಗಳು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಉಸಿರಾಟವೂ ಸ್ನಾಯುಗಳ ಚಲನೆಯೂ ಇದಕ್ಕೆ ನೆರವು. ಎಲ್ಲಕ್ಕೂ ಮೊದಲ ನಾಳಗಳು ಚರ್ಮದ ಬುಡದಲ್ಲೇ, ಕೂದಲೆಳೆಗಿಂತ ಸಣ್ಣಗೆ ಹರಡಿಕೊಂಡಿವೆ. ಅವುಗಳ ಗೋಡೆಗೆ ಸುತ್ತಲಿನ ಅಂಗಾಂಶದಿಂದ ಸಣ್ಣ ಎಳೆಗಳು ಕಟ್ಟಿಕೊಂಡಿರುತ್ತವೆ. ಚರ್ಮವನ್ನು ಮೆತ್ತಗೆ ಎಳೆದಾಗ ಆ ಎಳೆಗಳು ಜಗ್ಗಿ ನಾಳದ ಬಾಯಿ ತೆರೆಯುತ್ತದೆ, ನಿಂತ ನೀರು ಒಳಗೆ ಹೋಗುತ್ತದೆ. ಬಿಟ್ಟಾಗ ಬಾಯಿ ಮುಚ್ಚಿ ರಸ ಮುಂದೆ ಸರಿಯುತ್ತದೆ. ಈ ಮಸಾಜಿನ ಗುಟ್ಟೆಲ್ಲ ಈ ಎಳೆ–ಬಿಡುವಿನಲ್ಲಿದೆ. ಜೋರಾಗಿ ಅದುಮಿದರೆ ನಾಳವೇ ಚಪ್ಪಟೆಯಾಗುತ್ತದೆ. ತಿಕ್ಕಿ ಕೆಂಪಾಗಿಸಿದರೆ ಆ ಜಾಗಕ್ಕೆ ರಕ್ತ ನುಗ್ಗಿ, ಜಿನುಗುವ ನೀರೇ ಹೆಚ್ಚುತ್ತದೆ.

ಕಂಕುಳಿನ ಗಂಟುಗಳನ್ನು ತೆಗೆದಾಗ, ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ಕೈಯ ಮುಖ್ಯ ದಾರಿ ಮುಚ್ಚುತ್ತದೆ. ಗಂಟುಗಳನ್ನು ಪೂರ್ತಿಯಾಗಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಊತ ಬರುತ್ತದೆ. ಒಂದೆರಡು ಕಾವಲು ಗಂಟುಗಳನ್ನಷ್ಟೇ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗಂಟುಗಳು) ತೆಗೆದವರಲ್ಲಿ ಇದು ಬಹಳ ಕಡಿಮೆ. ಮುಚ್ಚಿದ ದಾರಿಯನ್ನು ಮಸಾಜ್ ತೆರೆಯುವುದಿಲ್ಲ. ಪಕ್ಕದ ಸಣ್ಣ ದಾರಿಗಳಿಗೆ, ಅಂದರೆ ಎದೆಯ ಮೇಲಿಂದ ಆಚೆ ಕಂಕುಳಿಗೂ ಪಕ್ಕೆಯಿಂದ ತೊಡೆಸಂದಿಗೂ, ನೀರನ್ನು ತಿರುಗಿಸುತ್ತದೆ ಅಷ್ಟೆ.

ಅಡಿಕೆ ತೋಟದ ಬಸಿಗಾಲುವೆ ಬಿಡಿಸಿದವರಿಗೆ ಇದರ ಕ್ರಮ ಹೇಳಿಕೊಡಬೇಕಾಗಿಲ್ಲ. ನೀರು ನಿಂತ ಜಾಗದಲ್ಲಿ ಗುದ್ದಲಿ ಹಾಕಿ ಪ್ರಯೋಜನವಿಲ್ಲ, ಮೊದಲು ಕೆಳಗಿನ ಬಾಯಿ ಬಿಡಿಸಿಕೊಂಡು ಬರಬೇಕು. ಇಲ್ಲೂ ಹಾಗೇ: ಊದಿದ್ದು ಅಂಗೈಯಾದರೂ ಕೈ ಇಡುವುದು ಮೊದಲು ಕೊರಳ ಬುಡಕ್ಕೆ.

ಈ ವಿಧಾನವನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್. 1930ರ ದಶಕದಲ್ಲಿ ಫ್ರಾನ್ಸಿನ ಕ್ಯಾನ್‌ನಲ್ಲಿದ್ದಾಗ, ಪದೇ ಪದೇ ನೆಗಡಿಯಾಗಿ ಕುತ್ತಿಗೆಯ ಗಂಟು ಊದಿದವರ ಮೇಲೆ ಪ್ರಯೋಗಿಸುತ್ತ ಇದನ್ನು ಕಂಡುಕೊಂಡು, 1936ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಪಡಿಸಿದರು. ಮುಂದೆ ಜರ್ಮನಿಯ ಮಿಖಾಯೆಲ್ ಫೋಲ್ಡಿ ಇದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಮೂರನ್ನೂ ಜೋಡಿಸಿದರು. ಇಂದು ಆಸ್ಪತ್ರೆಗಳಲ್ಲಿ ಕೊಡುವುದು ಆ ನಾಲ್ಕೂ ಸೇರಿದ ಚಿಕಿತ್ಸೆಯನ್ನೇ.

ಯಾರು ಮಾಡಿಸಿಕೊಳ್ಳಬಾರದು

ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಅಥವಾ ಚಳಿ ಬಂದಿದ್ದರೆ ಮುಟ್ಟಲೇಬೇಡಿ. ಅದು ಚರ್ಮದಡಿಯ ಸೋಂಕು, ಸೆಲ್ಯುಲೈಟಿಸ್. ಅದೇ ದಿನ ಡಾಕ್ಟರ ಬಳಿ ಹೋಗಿ ಆಂಟಿಬಯಾಟಿಕ್ ಶುರು ಮಾಡಬೇಕು. ‘ನಾಳೆ ನೋಡೋಣ’ ಎನ್ನುವ ಕಾಯಿಲೆ ಇದಲ್ಲ, ರಾತ್ರಿ ಬೆಳಗಾಗುವುದರೊಳಗೆ ಹಬ್ಬುತ್ತದೆ. ಒಮ್ಮೆ ಬಂದರೆ ಉಳಿದ ಒಳ್ಳೆಯ ನಾಳಗಳೂ ಕೆಟ್ಟು ಊತ ಮತ್ತಷ್ಟು ಗಟ್ಟಿಯಾಗುತ್ತದೆ.

ಹತೋಟಿಗೆ ಬಾರದ ಹೃದಯ ವೈಫಲ್ಯ ಇರುವವರು, ಕಿಡ್ನಿ ಕೆಲಸ ನಿಲ್ಲಿಸಿರುವವರು, ರಕ್ತನಾಳದಲ್ಲಿ ಹೊಸದಾಗಿ ಹೆಪ್ಪುಗಟ್ಟಿರುವವರು ಕೂಡ ಇದನ್ನು ಮಾಡಿಸಿಕೊಳ್ಳುವಂತಿಲ್ಲ. ಹೃದಯ ವೈಫಲ್ಯದಲ್ಲಿ ಪಾದ ಊದುವುದು ಬೇರೆ ಕಾರಣಕ್ಕೆ. ಆ ನೀರನ್ನು ರಕ್ತಕ್ಕೆ ತಳ್ಳಿದರೆ ಮೊದಲೇ ಬಳಲಿದ ಹೃದಯಕ್ಕೆ ಇನ್ನಷ್ಟು ಹೊರೆ. ಆದ್ದರಿಂದ ಯಾವುದೇ ಊತಕ್ಕೆ ಕಾರಣ ತಿಳಿಯದೆ ಮಸಾಜಿಗೆ ಹೋಗಬಾರದು. ಥೈರಾಯ್ಡ್ ಜೋರಾಗಿರುವವರಿಗೂ, ಕತ್ತಿನ ರಕ್ತನಾಳದ ತೊಂದರೆ ಇರುವ ವಯಸ್ಸಾದವರಿಗೂ ಕುತ್ತಿಗೆಯ ಭಾಗ ಬಿಡಬೇಕು. ಬಸುರಿಯರಿಗೆ ಹೊಟ್ಟೆಯ ಭಾಗ ಬಿಡಬೇಕು. ಕ್ಯಾನ್ಸರ್ ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ಆಂಕಾಲಜಿಸ್ಟರನ್ನು ಕೇಳಿಯೇ ಮುಂದುವರಿಯಿರಿ.

ಮೊದಲ ದಿನ ಕ್ಲಿನಿಕ್ಕಿನಲ್ಲಿ

ಥೆರಪಿಸ್ಟ್ ಮೊದಲು ಟೇಪ್ ಹಿಡಿಯುತ್ತಾರೆ, ಹಿಡಿಯಬೇಕು. ಅಳತೆಯಿಲ್ಲದೆ ಮಸಾಜ್ ಶುರು ಮಾಡಿದರೆ ಇಳಿದದ್ದೋ ಏರಿದ್ದೋ ತಿಳಿಯುವುದಿಲ್ಲ. ಮಣಿಕಟ್ಟಿನ ಎಲುಬನ್ನು ಸೊನ್ನೆ ಎಂದಿಟ್ಟುಕೊಂಡು ಮೇಲಕ್ಕೆ 10, 20, 30, 40 ಸೆಂ.ಮೀ. ಗುರುತು ಹಾಕಿ ಎರಡೂ ಕೈಗಳ ಸುತ್ತಳತೆ ಬರೆಯುತ್ತಾರೆ. ಕೆಲವರು ಪ್ರತಿ 4 ಸೆಂ.ಮೀ.ಗೊಮ್ಮೆ ಅಳೆಯುತ್ತಾರೆ. ಒಂದೇ ಜಾಗದಲ್ಲಿ ಎರಡು ಕೈಗೆ 2 ಸೆಂ.ಮೀ. ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಸಾಮಾನ್ಯವಾಗಿ ಲಿಂಫಿಡಿಮಾ ಎಂದೇ ಲೆಕ್ಕ. ಊಟ ಮಾಡುವ, ಬರೆಯುವ ಕೈ ಮೊದಲಿಂದಲೇ ಒಂದು ಗುಲಗಂಜಿ ದಪ್ಪವಿರಬಹುದು, ಅದೂ ಗಮನದಲ್ಲಿರಲಿ.

ಆಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಬಿಡುತ್ತಾರೆ. ಗುಳಿ ಬಿದ್ದರೆ ನೀರು ಇನ್ನೂ ಸಡಿಲವಾಗಿದೆ, ಬೇಗ ಇಳಿಯುತ್ತದೆ. ಒತ್ತಿದರೂ ಗುಳಿ ಬೀಳದಷ್ಟು ಗಟ್ಟಿಯಾಗಿದ್ದರೆ ಒಳಗೆ ನಾರು ಕಟ್ಟಿದೆ, ತಿಂಗಳುಗಳ ಕೆಲಸ. ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಲು ಬರುತ್ತದೆಯೇ ಎಂದೂ ನೋಡುತ್ತಾರೆ. ಎತ್ತಲು ಬಾರದಿದ್ದರೆ ಅದೂ ಲಿಂಫಿಡಿಮಾದ ಗುರುತು.

ಮಸಾಜ್ 45 ನಿಮಿಷದಿಂದ ಒಂದು ಗಂಟೆ. ಅರ್ಧ ಹೊತ್ತು ಕಳೆದರೂ ಊದಿದ ಕೈಯನ್ನು ಮುಟ್ಟಲಿಲ್ಲವಲ್ಲ ಎಂದು ಅನುಮಾನಪಡಬೇಡಿ, ಕುತ್ತಿಗೆ, ಹೊಟ್ಟೆ, ಬೆನ್ನು, ಆಚೆ ಕಂಕುಳು ಮುಗಿದ ಮೇಲೇ ಕೈಗೆ ಬರುವುದು. ‘ಏನೂ ಮಾಡಿದ ಹಾಗೇ ಇಲ್ಲ’ ಅನ್ನಿಸಿದರೆ ಸರಿಯಾಗಿ ಮಾಡಿದ್ದಾರೆ. ನೋವಾದರೆ, ಚರ್ಮ ಕೆಂಪಾದರೆ ಮಾಡಿದ್ದು ತಪ್ಪು, ಬಾಯಿಬಿಟ್ಟು ಹೇಳಿ. ಮುಗಿದ ಮೇಲೆ ಕೆಲವರಿಗೆ ನಿದ್ದೆ ಎಳೆಯುತ್ತದೆ, ಕೆಲವರಿಗೆ ಮೂತ್ರ ಹೆಚ್ಚು ಹೋಗುತ್ತದೆ, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಮೂರೂ ಸರಿಯೇ.

ಮೊದಲ ಹಂತ ವಾರಕ್ಕೆ ಐದು ದಿನದಂತೆ ಎರಡರಿಂದ ನಾಲ್ಕು ವಾರ. ಪ್ರತಿ ದಿನ ಮಸಾಜ್ ಮುಗಿದ ತಕ್ಷಣ ಬ್ಯಾಂಡೇಜ್ ಸುತ್ತಿ, ಮರುದಿನ ಬರುವವರೆಗೂ ಬಿಚ್ಚದಂತೆ ಕಳಿಸುತ್ತಾರೆ. ಬ್ಯಾಂಡೇಜಿನ ಮಾತೇ ಎತ್ತದೆ ಬರೀ ಮಸಾಜಿಗೆ ಪ್ಯಾಕೇಜ್ ಮಾರುವ ಜಾಗವಾದರೆ ಅಲ್ಲಿಂದ ಎದ್ದು ಬನ್ನಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ಪರಿಶೀಲನೆ ಸ್ತನ ಕ್ಯಾನ್ಸರ್ ನಂತರದ ಊತದ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಇದನ್ನೇ: ಬ್ಯಾಂಡೇಜ್ ಒಂದರಿಂದಲೇ ಊತ ಶೇ 30ಕ್ಕೂ ಹೆಚ್ಚು ಇಳಿಯಿತು, ಮಸಾಜ್ ಸೇರಿಸಿದಾಗ ಸಿಕ್ಕ ಹೆಚ್ಚಿನ ಲಾಭ ಶೇ 7ರ ಆಸುಪಾಸು. ಅದೂ ಊತ ಕಡಿಮೆ ಇದ್ದವರಿಗೆ ಹೆಚ್ಚು. ಮಸಾಜ್ ನೀರನ್ನು ಸರಿಸುತ್ತದೆ, ಸರಿದ ನೀರು ಮರಳಿ ಬಾರದಂತೆ ಹಿಡಿಯುವುದು ಬ್ಯಾಂಡೇಜ್. ಬಿಗಿತ ಇಲ್ಲದಿದ್ದರೆ ಸಂಜೆಯೊಳಗೆ ಕೈ ಮತ್ತೆ ಮೊದಲಿನಷ್ಟೇ.

ಎಷ್ಟು ಒತ್ತಬೇಕು

ಮನೆಯಲ್ಲಿ ಮಾಡಿಕೊಳ್ಳುವ ಮೊದಲು ಇದೊಂದನ್ನು ಕಲಿಯಿರಿ. ಎಡಗೈಯ ಹಿಂಬದಿಯ ಮೇಲೆ ಬಲಗೈಯ ಎರಡು ಬೆರಳನ್ನು ಚಪ್ಪಟೆಯಾಗಿ ಇಡಿ. ಬೆರಳು ಜಾರದಂತೆ, ಚರ್ಮವನ್ನೇ ಮಣಿಕಟ್ಟಿನತ್ತ ಮೆಲ್ಲಗೆ ಸರಿಸಿ. ಒಂದು ಕಡೆ ಅದು ಇನ್ನು ಸರಿಯದೆ ನಿಲ್ಲುತ್ತದೆ. ಅಲ್ಲೇ ನಿಲ್ಲಿಸಿ, ಪೂರ್ತಿ ಸಡಿಲ ಬಿಡಿ. ಚರ್ಮ ತಾನಾಗಿ ಹಿಂದಕ್ಕೆ ಬರುತ್ತದೆ. ಇಷ್ಟೇ ಒಂದು ಸಲ, ಹೆಚ್ಚೆಂದರೆ ಎರಡು ಸೆಕೆಂಡು. ಕೆಳಗಿನ ಎಲುಬೋ ನರವೋ ಬೆರಳಿಗೆ ತಾಗಿದರೆ ಒತ್ತಡ ಹೆಚ್ಚಾಯಿತು. ಬೆರಳು ಚರ್ಮದ ಮೇಲೆ ಜಾರಿದರೆ ಕೆಲಸವೇ ಆಗಲಿಲ್ಲ. ಆರಿದ ಹಾಲಿನ ಕೆನೆಯನ್ನು ಹರಿಯದಂತೆ ಪಾತ್ರೆಯ ಒಂದು ಬದಿಗೆ ಸರಿಸುತ್ತೀರಲ್ಲ, ಆ ಹದ. ಎಣ್ಣೆ, ಕ್ರೀಮ್, ಪೌಡರ್ ಬೇಡವೆನ್ನುವುದು ಇದೇ ಕಾರಣಕ್ಕೆ: ಜಾರುವ ಬೆರಳಿಗೆ ಚರ್ಮ ಹಿಡಿಯಲು ಆಗುವುದಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಕ್ರಮ

ಕೆಳಗಿನದು ಬಲ ಸ್ತನದ ಆಪರೇಷನ್ ಆಗಿ ಬಲಗೈ ಊದಿದವರಿಗೆ. ಎಡಗೈಯಾದರೆ ಬಲ–ಎಡ ಅದಲುಬದಲು ಮಾಡಿಕೊಳ್ಳಿ. ಥೆರಪಿಸ್ಟ್ ಒಮ್ಮೆ ಕೈಹಿಡಿದು ತೋರಿಸಿದ ಮೇಲೆಯೇ ಶುರು ಮಾಡಿ. ಹೊಲಿಗೆ ಪೂರ್ತಿ ಮಾಯದಿದ್ದರೆ ಗಾಯದ ಮೇಲೂ, ರೇಡಿಯೇಷನ್ನಿಂದ ಚರ್ಮ ಸುಲಿದಿದ್ದರೆ ಅಲ್ಲೂ ಕೈ ಇಡಬೇಡಿ. ದಿನಕ್ಕೊಮ್ಮೆ, 15ರಿಂದ 20 ನಿಮಿಷ ಸಾಕು.

1. ಅಂಗಾತ ಮಲಗಿ, ಬಲಗೈ ಕೆಳಗೆ ದಿಂಬು. ಹೊಟ್ಟೆ ಮೇಲೆ ಅಂಗೈ ಇಟ್ಟು, ಅದು ಮೇಲೇಳುವಂತೆ ನಿಧಾನವಾಗಿ ಐದು ಉಸಿರು. ಇದನ್ನು ಹಾರಿಸಬೇಡಿ, ಎದೆಯೊಳಗಿನ ದೊಡ್ಡ ನಾಳವನ್ನು ಖಾಲಿ ಮಾಡುವುದು ಈ ಉಸಿರೇ.

2. ಕಾಲರ್ ಬೋನಿನ ಮೇಲಿನ ಗುಳಿಯಲ್ಲಿ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಚರ್ಮವನ್ನು ಕೆಳಕ್ಕೆ, ಒಳಕ್ಕೆ ಸರಿಸಿ ಬಿಡಿ. ಎರಡೂ ಬದಿಗೆ ಹತ್ತು ಹತ್ತು ಸಲ.

3. ಎಡ ಕಂಕುಳಿನಲ್ಲಿ, ಅಂದರೆ ಆಪರೇಷನ್ ಆಗದ ಕಡೆ, ಅಂಗೈ ಇಟ್ಟು ಒಳಮುಖವಾಗಿ ಮೇಲಕ್ಕೆ ಹತ್ತು ಸಲ. ಬಳಿಕ ಬಲ ತೊಡೆಸಂದಿನಲ್ಲಿ ಹೊಟ್ಟೆಯತ್ತ ಹತ್ತು ಸಲ. ನೀರನ್ನು ಕಳಿಸಬೇಕಾದ ಊರುಗಳು ಇವೆರಡು.

4. ಎದೆಯ ಮೇಲ್ಭಾಗದಲ್ಲಿ ಬಲದಿಂದ ಎಡ ಕಂಕುಳಿನತ್ತ. ಎಡದ ತುದಿಯಿಂದ ಶುರು ಮಾಡಿ ಬಲಕ್ಕೆ ಒಂದೊಂದು ಅಂಗೈ ಅಗಲ ಹಿಂದೆ ಬರುತ್ತ ಹೋಗಿ, ಸರಿಸುವುದು ಮಾತ್ರ ಯಾವಾಗಲೂ ಎಡಕ್ಕೇ. ಒಂದೊಂದು ಜಾಗದಲ್ಲಿ ಐದರಿಂದ ಏಳು ಸಲ.

5. ಬಲ ಪಕ್ಕೆಯಲ್ಲಿ ಕಂಕುಳಿನಿಂದ ತೊಡೆಸಂದಿನತ್ತ. ಇಲ್ಲೂ ಸೊಂಟದ ಹತ್ತಿರ ಮೊದಲು, ಕಂಕುಳಿನ ಹತ್ತಿರ ಕೊನೆಗೆ.

6. ಈಗ ತೋಳು. ಭುಜದ ಮೇಲ್ಭಾಗದಿಂದ ಕುತ್ತಿಗೆಯತ್ತ. ಆಮೇಲೆ ತೋಳಿನ ಒಳಬದಿಯ ಚರ್ಮವನ್ನು ಹೊರಬದಿಗೆ, ಹೊರಬದಿಯಿಂದ ಭುಜಕ್ಕೆ. ಒಳಬದಿಯಿಂದ ನೇರ ಬಲ ಕಂಕುಳಿಗೆ ತಳ್ಳಬೇಡಿ, ಅಲ್ಲಿನ ಗಂಟುಗಳನ್ನು ತೆಗೆದಿರುತ್ತಾರೆ.

7. ಮೊಣಕೈ ಮಡಿಕೆ, ಮುಂಗೈ, ಅಂಗೈಯ ಹಿಂಬದಿ, ಬೆರಳು, ಈ ಕ್ರಮದಲ್ಲಿ ಇಳಿಯುತ್ತ ಬನ್ನಿ. ಪ್ರತಿ ಸಲ ಚರ್ಮ ಸರಿಯುವುದು ಭುಜದ ಕಡೆಗೆ.

8. ಬೆರಳಿನಿಂದ ಭುಜದವರೆಗೆ ಒಂದು ಸುತ್ತು ಮೇಲಕ್ಕೆ. ಮತ್ತೆ 5, 4, 2ನೇ ಹೆಜ್ಜೆ ಮೂರು ಮೂರು ಸಲ ಮಾಡಿ ಮುಗಿಸಿ. ಏಳುವ ಮೊದಲೇ ಬ್ಯಾಂಡೇಜ್ ಅಥವಾ ತೋಳುಚೀಲ (ತೋಳಿಗೆ ಹಾಕುವ ಬಿಗಿ ಸ್ಲೀವ್) ಹಾಕಿಕೊಳ್ಳಿ.

ದಾರಿ ಎಲ್ಲರಲ್ಲೂ ಒಂದೇ ಅಲ್ಲ. ಚರ್ಮದಡಿಗೆ ಹಸಿರು ಬಣ್ಣ ಚುಚ್ಚಿ ಅತಿಗೆಂಪು ಕ್ಯಾಮೆರಾದಲ್ಲಿ ನೋಡಿದಾಗ, ಹಲವರಿಗೆ ಆಪರೇಷನ್ ಆದ ಕಂಕುಳಿನಲ್ಲೇ ಇನ್ನೂ ಸ್ವಲ್ಪ ಹರಿವು ಉಳಿದಿರುವುದು ಕಾಣುತ್ತದೆ. ನಿಮ್ಮ ಥೆರಪಿಸ್ಟ್ ಬೇರೆ ಕ್ರಮ ಹೇಳಿದರೆ ಅವರದನ್ನೇ ಅನುಸರಿಸಿ.

ಬ್ಯಾಂಡೇಜ್ ಮತ್ತು ತೋಳುಚೀಲ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಮೆಡಿಕಲ್ ಶಾಪಿನಲ್ಲಿ ಉಳುಕಿಗೆ ಕೊಡುವ, ರಬ್ಬರಿನಂತೆ ಎಳೆದಷ್ಟೂ ಬರುವ ಬ್ಯಾಂಡೇಜ್ ಇದಕ್ಕೆ ಆಗುವುದಿಲ್ಲ. ಅದು ನೀವು ಸುಮ್ಮನಿದ್ದಾಗಲೂ ಹಿಂಡುತ್ತದೆ, ಕೈಯಾಡಿಸಿದಾಗ ಜಗ್ಗಿಕೊಂಡು ಒತ್ತಡವನ್ನೇ ಬಿಟ್ಟುಕೊಡುತ್ತದೆ. ಬೇಕಾದದ್ದು ಕಡಿಮೆ ಎಳೆಯುವ ‘ಶಾರ್ಟ್ ಸ್ಟ್ರೆಚ್’ ಬ್ಯಾಂಡೇಜ್: ಮಲಗಿದಾಗ ಹಿತ, ಮುಷ್ಟಿ ಕಟ್ಟಿದಾಗ ಮಾತ್ರ ಗೋಡೆಯಂತೆ ನಿಂತು ಸ್ನಾಯುವಿಗೆ ಎದುರೊತ್ತು ಕೊಡುತ್ತದೆ. ಕೆಳಗೆ ಹತ್ತಿಯ ತೋಳು, ಬೆರಳುಗಳಿಗೆ ಸಣ್ಣ ಗಾಜ್ ಬಟ್ಟೆಯ ಪಟ್ಟಿ, ಮೇಲೆ ಹತ್ತಿ ಅಥವಾ ಫೋಮ್ ಪದರ, ಅದರ ಮೇಲೆ 6, 8, 10 ಸೆಂ.ಮೀ. ಅಗಲದ ಸುರುಳಿಗಳು. ಬಿಗಿ ಅಂಗೈಯಲ್ಲಿ ಹೆಚ್ಚು, ಭುಜದತ್ತ ಹೋದಂತೆ ಕಡಿಮೆ. ಇದು ತಿರುಗುಮುರುಗಾದರೆ ಬೆರಳುಗಳು ಬದನೆಕಾಯಿಯಂತೆ ಉಬ್ಬುತ್ತವೆ. ಬೆರಳ ತುದಿ ಹೊರಗೆ ಕಾಣುತ್ತಿರಲಿ. ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವಾದರೆ ಮಧ್ಯರಾತ್ರಿಯಾದರೂ ಬಿಚ್ಚಿ.

ಬ್ಯಾಂಡೇಜ್ ಕಟ್ಟಿಕೊಂಡೇ ವ್ಯಾಯಾಮ ಮಾಡಬೇಕು: ಭುಜ ತಿರುಗಿಸುವುದು, ಮೊಣಕೈ ಮಡಚಿ ಬಿಡಿಸುವುದು, ಮುಷ್ಟಿ ಕಟ್ಟಿ ಬಿಡುವುದು, ತಲಾ ಹತ್ತು ಸಲ.

ಊತ ಇಳಿದು ಅಳತೆ ನಿಂತಮೇಲೆ ತೋಳುಚೀಲ, ಅಂದರೆ ಕಂಪ್ರೆಷನ್ ಸ್ಲೀವ್. ಊತ ಇರುವಾಗಲೇ ಅಳತೆ ಕೊಟ್ಟು ಹೊಲಿಸಿದರೆ ದುಡ್ಡು ದಂಡ. ಬೆಳಗ್ಗೆ ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ಅಂಗೈ ಊದುವವರಿಗೆ ಕೈಗವಸೂ ಬೇಕು, ಇಲ್ಲವಾದರೆ ನೀರೆಲ್ಲ ಅಂಗೈಗೆ ಇಳಿದು ಕೂರುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಸ್ಲೀವ್ ಏರಿಸುವುದು ಸುಲಭ, ಉಗುರೂ ತಾಗುವುದಿಲ್ಲ. ಎರಡು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಮೆದು ಸೋಪಿನಲ್ಲಿ ಅದ್ದಿ ತೆಗೆದು, ಹಿಂಡದೆ, ನೆರಳಲ್ಲಿ ಒಣಗಿಸಿ. ಆರು ತಿಂಗಳಿಗೆ ಸೆಡೆತ ಹೋಗುತ್ತದೆ. ಹಾಕಲು ಒಮ್ಮೆಲೇ ಸಲೀಸಾಯಿತು ಎಂದರೆ ಕೈ ಸಣ್ಣಗಾಯಿತು ಎಂದು ಹಿಗ್ಗುವ ಮೊದಲು ಟೇಪ್ ಹಿಡಿದು ನೋಡಿ.

ಅಡುಗೆಮನೆಯಲ್ಲಿ, ಹೊರಗೆ

ಆ ಕೈಗೆ ಗಾಯ, ಸುಟ್ಟಗಾಯ ಆಗದಂತೆ ನೋಡಿಕೊಳ್ಳುವುದು ಮುಖ್ಯ. ಒಗ್ಗರಣೆ ಸಿಡಿದದ್ದು, ಈಳಿಗೆ ತಾಗಿದ್ದು, ಬೆಕ್ಕು ಪರಚಿದ್ದು, ಸೊಳ್ಳೆ ಕಚ್ಚಿ ಕೆರೆದದ್ದು, ಸೋಂಕು ನುಗ್ಗಲು ಇಷ್ಟೇ ಸಾಕು. ಕೂಡಲೇ ಸೋಪು ಹಾಕಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಬಿಸಿನೀರಿನ ಶಾಖ, ಸ್ಟೀಮ್ ಬಾತ್ ಬೇಡ. ಬಿಗಿ ಬಳೆ, ಬಿಗಿ ರವಿಕೆ ತೋಳು, ತರಕಾರಿ ಚೀಲವನ್ನು ಮೊಣಕೈಗೆ ನೇತುಹಾಕಿ ನಡೆಯುವುದು ಬೇಡ. ರಕ್ತದೊತ್ತಡ ನೋಡುವಾಗ, ಇಂಜೆಕ್ಷನ್ ಚುಚ್ಚುವಾಗ ಸಾಧ್ಯವಾದರೆ ಇನ್ನೊಂದು ಕೈ ಕೊಡಿ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ರಾತ್ರಿ, ಸ್ಲೀವ್ ತೆಗೆದ ಮೇಲೆ ಹಚ್ಚಿ. ಒಣಗಿ ಬಿರಿದ ಚರ್ಮಕ್ಕೆ ಅದು ಒಳ್ಳೆಯದೇ.

ಬ್ಯೂಟಿ ಪಾರ್ಲರ್, ಸ್ಪಾಗಳಲ್ಲಿ ಇದೇ ಹೆಸರಲ್ಲಿ ‘ವಿಷ ಹೊರಹಾಕುತ್ತದೆ’, ‘ತೂಕ ಇಳಿಸುತ್ತದೆ’ ಎಂದು ಮಾರುವುದಕ್ಕೆ ಬುಡವಿಲ್ಲ. ಆರೋಗ್ಯವಂತರ ದುಗ್ಧರಸ ಯಾರ ಸಹಾಯವೂ ಇಲ್ಲದೆ ಹರಿಯುತ್ತಿರುತ್ತದೆ. ಮುಖದ ಬೆಳಗಿನ ಉಬ್ಬು ಒಂದೆರಡು ತಾಸು ಇಳಿಯಬಹುದು, ಕೊಬ್ಬು ಕರಗುವುದಿಲ್ಲ.

ಆನೆಕಾಲಿಗೆ ಇದು ಆಗುತ್ತದೆಯೇ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಕೇಳುವ ಪ್ರಶ್ನೆ ಇದು. ಆನೆಕಾಲು ರೋಗದ ಹುಳು ಸೊಳ್ಳೆಯಿಂದ ಬಂದು ದುಗ್ಧರಸ ನಾಳದಲ್ಲೇ ಮನೆ ಮಾಡಿ ಅದನ್ನು ಕೆಡಿಸುತ್ತದೆ. ಹೀಗಾಗಿ ಇದೂ ಲಿಂಫಿಡಿಮಾವೇ. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಅನ್ವಯಿಕ ಚರ್ಮರೋಗ ಸಂಸ್ಥೆ (ಐಎಡಿ) ತೊಳೆಯುವುದು, ಆಯುರ್ವೇದದ ಆರೈಕೆ, ಯೋಗ, ಬಿಗಿ ಬ್ಯಾಂಡೇಜ್ ಸೇರಿಸಿ ಇಂಥ ಕಾಲುಗಳಿಗೆ ಬಹಳ ವರ್ಷಗಳಿಂದ ಚಿಕಿತ್ಸೆ ಕೊಡುತ್ತಿದೆ.

ಆದರೆ ಕಾಲಿನ ವಿಷಯದಲ್ಲಿ ಮಸಾಜಿಗಿಂತ ಮೊದಲು ಬಕೆಟ್ಟು, ಸೋಪು, ಒಣ ಬಟ್ಟೆ. ದಿನಕ್ಕೆರಡು ಸಲ ತಣ್ಣೀರಲ್ಲಿ ಸೋಪು ಹಾಕಿ, ಮಡಿಕೆ ಮಡಿಕೆಯನ್ನೂ ಬಿಡಿಸಿ ತೊಳೆಯಬೇಕು. ತಿಕ್ಕಬಾರದು, ಬ್ರಷ್ ಹಾಕಬಾರದು. ಕಾಲ್ಬೆರಳ ಸಂದಿಯಲ್ಲಿ ಬಟ್ಟೆಯ ತುದಿ ತೂರಿಸಿ ಒಂದೊಂದನ್ನೇ ಒರೆಸಬೇಕು. ಪದೇ ಪದೇ ಬರುವ ಜ್ವರದ ಬಾಗಿಲು ಸಾಮಾನ್ಯವಾಗಿ ಅಲ್ಲೇ, ಬೆಳ್ಳಗೆ ಹುಣ್ಣಾದ ನಾಲ್ಕನೇ ಮತ್ತು ಐದನೇ ಬೆರಳ ನಡುವೆ. ಹುಣ್ಣಿದ್ದರೆ ಫಂಗಸ್ಸಿನ ಮುಲಾಮು, ಕೂತಾಗ ಕಾಲು ಸ್ಟೂಲಿನ ಮೇಲೆ, ಹೊಲಕ್ಕೆ ಇಳಿಯುವಾಗ ಕಾಲಿಗೆ ಅಳತೆಯ ಚಪ್ಪಲಿ.